ಎಡಗೈ ಅಳತೆ

ರೊಟ್ಟಿಯೊಳಗೆ ನೀಲಿ ದಾರ ಸಿಕ್ಕಿತೆಂದು ಪಕ್ಕದ ಬೀದಿಯಲ್ಲಿ ಪಿ.ಜಿ. ನಡೆಸುವ ಇರಣ್ಣ ಆ ರೊಟ್ಟಿಯನ್ನೇ ಸಾಕ್ಷಿಗೆ ಹಿಡಿದುಕೊಂಡು ಎರಡನೇ ಮಹಡಿ ಹತ್ತಿ ಬಂದ ದಿನ, ಮಗಳ ಫ್ಯಾಶನ್ ಓದು ಹೇಮಲತಾಳನ್ನು ಮೊದಲ ಸಲ ನಿಜವಾಗಿ ರೇಗಿಸಿತು.

"ಅಕ್ಕಾರ, ನಾ ಏನೂ ಅನ್ನಂಗಿಲ್ರಿ," ಎಂದ ಇರಣ್ಣ, ಎಲ್ಲವನ್ನೂ ಅಂದೇ ಹೋಗುವ ಮುಖ ಮಾಡಿಕೊಂಡು. "ಆದ್ರ ಹುಡುಗರು ಫೋಟೋ ಹೊಡದು ಗ್ರೂಪಿಗೆ ಹಾಕ್ಯಾರ. 'ಡಿಸೈನರ್ ರೊಟ್ಟಿ' ಅಂತ ಬರದಾರ ನೋಡ್ರಿ."

"ಇದೊಂದ್ಸಲ ಹೊಟ್ಟಿಗೆ ಹಾಕ್ಕೋ ಇರಣ್ಣ," ಎಂದು ಹೇಮಲತಾ ಬಿಸಿ ರೊಟ್ಟಿಯ ಕಟ್ಟೊಂದನ್ನೂ ಒಂದು ಹಿಡಿ ಶೇಂಗಾ ಚಟ್ನಿಯನ್ನೂ ಕೊಟ್ಟು ಕಳಿಸಿದಳು.

ಟಿ. ದಾಸರಹಳ್ಳಿಯ ಆ ಮನೆಯ ಹಾಲ್ ಎರಡು ರಾಜ್ಯವಾಗಿತ್ತು. ಅಡುಗೆಮನೆಯ ಕಡೆಯ ಅರ್ಧ, ರೊಟ್ಟಿ ಮಾಡಿ ಮಾರುವ ಹೇಮಲತಾಳದು: ಜೋಳದ ಹಿಟ್ಟಿನ ಡಬ್ಬಿಗಳು, ರೊಟ್ಟಿ ಬಡಿಯುವ ಮಣೆ, ಬುಟ್ಟಿಯಲ್ಲಿ ಒಣಗಲು ನಿಲ್ಲಿಸಿದ ಕಟಕ ರೊಟ್ಟಿ. ಕಿಟಕಿಯ ಕಡೆಯ ಅರ್ಧ ಮಗಳು ನಿವೇದಿತಾಳದು: ಹೊಲಿಗೆ ಮಿಷನ್ನು, ಬಟ್ಟೆಯ ತುಂಡುಗಳು, ತಲೆಯಿಲ್ಲದ ಒಂದು ಬೊಂಬೆ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಕಮಲಮ್ಮ ಆ ಬೊಂಬೆಗೆ ಟವೆಲ್ ಹೊದಿಸಿಬಿಡುತ್ತಿದ್ದಳು. ಮುತ್ತೈದೆಯರು ಬಂದು ಹೋಗುವ ಮನೆಯಲ್ಲಿ ರುಂಡ ಇಲ್ಲದಾಕೆ ನಿಂತಿರಬಾರದೆಂಬುದು ಅವಳ ವಾದ. ಎರಡು ರಾಜ್ಯದ ನಡುವೆ ಗಡಿ ಇರಲಿಲ್ಲವಾಗಿ ದಾರ ಹಿಟ್ಟಿಗೂ ಹಿಟ್ಟು ಬಟ್ಟೆಗೂ ಹೋಗುತ್ತಿತ್ತು.

"ಹೊಟ್ಟೀಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ ಅಂತಿದ್ರು," ಎಂದಳು ಕಮಲಮ್ಮ. "ನಮ್ಮನ್ಯಾಗ ಇರೋ ಹಿಟ್ಟಿನಾಗೂ ದಾರ."

"ಅಜ್ಜಿ, ಇನ್ಮೇಲೆ ಪರದೆ ಕಟ್ಕೊಂಡು ಹೊಲೀತೀನಿ, ಬಿಡಿ," ಎಂದಳು ನಿವೇದಿತಾ, ಸೂಜಿಯಿಂದ ಕಣ್ಣು ತೆಗೆಯದೆ.

ನಿವೇದಿತಾ ಫ್ಯಾಶನ್ ಡಿಸೈನಿನ ಕೊನೆಯ ವರ್ಷದಲ್ಲಿದ್ದಳು. ಅವಳ ಟೀಚರು ಸ್ಫೂರ್ತಿ ಮೇಡಂ ಹೇಳಿಕೊಟ್ಟ ದೊಡ್ಡ ಪಾಠ ಒಂದೇ: ಎಲ್ಲಿ ಸ್ಪರ್ಧೆ ನಡೆಯುತ್ತದೋ ಅಲ್ಲಿ ಹೆಸರು ಕೊಡಿ, ಗೆಲ್ಲುವುದಕ್ಕಲ್ಲ, ಜಡ್ಜುಗಳ ಬಾಯಲ್ಲಿ ಬೈಸಿಕೊಳ್ಳುವುದಕ್ಕೆ. ಆ ಲೆಕ್ಕದಲ್ಲಿ ನಿವೇದಿತಾ ಬೇಕಾದಷ್ಟು ಕಲಿತಿದ್ದಳು. ಮೊದಲ ಸ್ಪರ್ಧೆಗೆ ಹಳೇ ಪೇಪರಿನ ಉದ್ದ ಗೌನು ಮಾಡಿದಳು, ವೇದಿಕೆಯ ಫ್ಯಾನಿನ ಗಾಳಿಗೆ ಅದು ಸೊಂಟದವರೆಗೆ ಹರಿಯಿತು. ಮುಂದಿನದಕ್ಕೆ ಇಳಕಲ್ ಸೆರಗಿನ ಜಾಕೆಟ್ಟು. ಅದನ್ನು ಬಿಳಿಗೂದಲಿನ ಜಡ್ಜೊಬ್ಬರು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ. ಆದ್ರೆ ಇದನ್ನ ಯಾರು ಹಾಕ್ಕೋತಾರಮ್ಮ?" ಎಂದು ಕೇಳಿದ್ದರು. ಮನೆಗೆ ಬಂದವಳು ಊಟದ ತಟ್ಟೆಯ ಮುಂದೆಯೂ ಅದನ್ನೇ ಗುನುಗುತ್ತಿದ್ದಳು: ಯಾರು ಹಾಕ್ಕೋತಾರೆ?

ಈಗ ಬಂದಿದ್ದ ಹೊಸ ಸ್ಪರ್ಧೆಯ ವಿಷಯವೂ ಹೆಚ್ಚುಕಡಿಮೆ ಅದೇ. ನಿಮ್ಮ ಹತ್ತಿರದ ಒಬ್ಬರ ದಿನನಿತ್ಯದ ಕಷ್ಟಕ್ಕೆ ಒಂದು ಉಡುಪು ಮಾಡಿ ತನ್ನಿ.

ಕಷ್ಟಕ್ಕೇನು, ಆ ಮನೆಯಲ್ಲಿ ಅದು ಎದುರಿಗೇ ಓಡಾಡುತ್ತಿತ್ತು. ಹೇಮಲತಾಳ ಗಂಡ ಕೊಟ್ರೇಶ್ ಕೊಟ್ಟೂರಿನ ಕಡೆಯಿಂದ ಐ.ಟಿ.ಐ. ಮುಗಿಸಿ ಬಂದು, ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶೆಡ್ಡೊಂದರಲ್ಲಿ ಸೂಪರ್‌ವೈಸರ್ ಆದವನು. ಹೋದ ವರ್ಷ ಅಲ್ಲಿನ ಪ್ರೆಸ್ಸು ಅವನ ಎಡಗೈಯ ನಾಲ್ಕು ಬೆರಳನ್ನೂ ಅರ್ಧ ಅಂಗೈಯನ್ನೂ ತೆಗೆದುಕೊಂಡಿತು. ಆ ಯಂತ್ರಕ್ಕೆ ಎರಡು ಸ್ವಿಚ್ಚು. ಎರಡು ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು, ಕೈ ಒಳಗಿರಬಾರದೆಂದು. ಕೆಲಸ ಬೇಗ ಸಾಗಲೆಂದು ಒಂದು ಸ್ವಿಚ್ಚಿಗೆ ತಗಡಿನ ಚೂರು ಸಿಕ್ಕಿಸಿ ಒತ್ತಿಟ್ಟುಬಿಡುವುದು ಆ ಶೆಡ್ಡಿನ ರೂಢಿ. ಸಿಕ್ಕಿಸಬೇಡಿರೆಂದು ಬೈಯಬೇಕಾದ ಮನುಷ್ಯನೇ ಆ ದಿನ ಸಿಕ್ಕಿಸಿಕೊಂಡು ನಿಂತಿದ್ದ. ಆಮೇಲೆ ಅವನನ್ನು ಅದೇ ಶೆಡ್ಡಿನ ಸಾಮಾನು ಸ್ಟೋರಿಗೆ ಹಾಕಿದರು. ಹೊರಗೆ ಹೋದರೆ ಎಡಗೈ ಪ್ಯಾಂಟಿನ ಜೇಬಿನಲ್ಲಿ, ಮನೆಯಲ್ಲಿದ್ದರೆ ಟವೆಲಿನ ಕೆಳಗೆ. ಹೆಂಡತಿಯ ಹೊರತು ಬೇರೆ ಯಾರೂ ಆ ಕೈಯನ್ನು ನೆಟ್ಟಗೆ ಕಂಡಿರಲಿಲ್ಲ.

ಕಮಲಮ್ಮನಿಗೆ ಕೈಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಮಗ ಲಿಂಗಪೂಜೆ ಬಿಟ್ಟಿದ್ದ. ಇಷ್ಟಲಿಂಗವಿಡುವ ಕರಡಿಗೆ ಕೊರಳಲ್ಲೇ ಇತ್ತು, ಅದನ್ನು ಬಿಚ್ಚುತ್ತಿರಲಿಲ್ಲ ಅಷ್ಟೆ.

"ಪೂಜಿ ಇಲ್ದ ತಾಟಿನ ಮುಂದ ಕುಂದರ್ತಾನ," ಎಂದು ಅವಳು ದಿನಾ ಸೊಸೆಯ ಕಿವಿಯಲ್ಲಿ ಊದುತ್ತಿದ್ದಳು. "ನಿಮ್ಮ ಮಾವ ಜ್ವರಾ ಬಂದು ಮಲಗಿದ್ರೂ ಬಿಟ್ಟಾಂವಲ್ಲ."

"ಶಿವನ ಮ್ಯಾಲ ಸಿಟ್ಟು ಬಂದೈತಿ ಅತ್ತಿ. ಇಳೀತೈತಿ, ಬಿಡ್ರಿ," ಎನ್ನುತ್ತಿದ್ದಳು ಹೇಮಲತಾ. ಅವಳು ನಂಬಿದ್ದೂ ಹಾಗೆಯೇ.

ಮನೆಯ ಬೆಳಗಿನ ಜಗಳವೆಲ್ಲ ಅಂಗಿಯ ಗುಂಡಿಯ ಸುತ್ತ ನಡೆಯುತ್ತಿತ್ತು. ಕೊಟ್ರೇಶ್ ಅಂಗಿ ತೊಟ್ಟು, ಎದೆ ತೆರೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುವನು. ಬಾಯಿ ಬಿಟ್ಟು ಕರೆಯುವವನಲ್ಲ. ಹೆಂಚಿನ ಮೇಲಿನ ರೊಟ್ಟಿ ಬಿಟ್ಟು ಬಂದು ಹೇಮಲತಾ ಹಾಕಬೇಕು.

"ಹೊತ್ತಾತು," ಎಂದ ಒಂದು ದಿನ.

"ಬಂದೆ ರೀ. ಇದೊಂದು ತಿರುವಿ ಹಾಕಿ ಬಂದೆ."

"ಕೈ ತೊಳ್ಕೊಳಾಕ ಎಷ್ಟೊತ್ತು?"

"ನನಗೇನು ನಾಲ್ಕು ಕೈ ಅದಾವೇನ್ರೀ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹಿಟ್ಟಿನ ಬೆರಳಲ್ಲೇ ಅವಳು ಅವಸರದಿಂದ ಗುಂಡಿ ಹಾಕಿದಳು, ನೀಲಿ ಅಂಗಿಯ ಮೇಲೆ ಬಿಳಿ ಗುರುತು ಉಳಿದವು, ಅವನು ಹಾಗೆಯೇ ಮೆಟ್ಟಿಲಿಳಿದು ಹೋದ. ಮಿಷನ್ನಿನ ಮುಂದೆ ಕೂತಿದ್ದ ನಿವೇದಿತಾ ಎಲ್ಲವನ್ನೂ ನೋಡಿದಳು.

ಮಾರನೆಯ ದಿನ ಅದೇ ಹೊತ್ತಿಗೆ ಅವಳು ಕಿಟಕಿಯ ಬಳಿ ಫೋನು ಹಿಡಿದು ನಿಂತಿದ್ದಳು. ಕೊಟ್ರೇಶನಿಗೆ ಅದು ಕಾಣಲಿಲ್ಲ, ಹೇಮಲತಾಳಿಗೆ ಕಂಡಿತು. ಅವನು ಹೋದ ಮೇಲೆ ಕೇಳಿದಳು. "ಏನ ಅದು?"

"ಪ್ರಾಜೆಕ್ಟಿಗಮ್ಮ. ಮುಖ ಬರಲ್ಲ."

"ನಿಮ್ಮಪ್ಪಗ ಒಂದು ಮಾತು ಕೇಳಬೇಕಿತ್ತು."

"ಕೇಳ್ತೀನಿ. ಮೊದಲು ಅಂಗಿ ಆಗ್ಲಿ."

ಹೇಮಲತಾ ಸುಮ್ಮನಾದಳು. ಒಲೆಯ ಮೇಲೆ ಪಲ್ಯವಿತ್ತು, ಕೆಳಗೆ ನೀರಿನ ಟ್ಯಾಂಕರಿನವನು ಕೂಗುತ್ತಿದ್ದ. ಆಮೇಲೆ ಆ ಮಾತು ಅವಳಿಗೂ ಮರೆಯಿತು, ಅಥವಾ ಮರೆತಂತೆ ಇದ್ದುಬಿಟ್ಟಳು.

ಅಂಗಿ ಆಯಿತು. ಮೇಲೆ ನೋಡಿದರೆ ಎಲ್ಲ ಅಂಗಿಯಂತೆ ಗುಂಡಿ, ಆದರೆ ಆ ಗುಂಡಿಗಳು ಬರೀ ತೋರಿಕೆಗೆ. ಬಟ್ಟೆಯ ಒಳಗೆ ಪುಟ್ಟ ಪುಟ್ಟ ಅಯಸ್ಕಾಂತ. ಎರಡು ಅಂಚನ್ನು ಹತ್ತಿರ ತಂದರೆ ಸಾಕು, ಟಕ್ಕೆಂದು ತಾವೇ ಕೂಡಿಕೊಳ್ಳುತ್ತಿದ್ದವು.

"ಅಪ್ಪ, ಇದನ್ನೊಂದ್ಸಲ ಹಾಕ್ಕೊಂಡು ನೋಡಿ."

ಕೊಟ್ರೇಶ್ ಬಲಗೈಯೊಂದರಲ್ಲೇ ಅಂಗಿ ಏರಿಸಿ, ಅಂಚು ತಂದು ಮುಟ್ಟಿಸಿದ. ಟಕ್. ಬಿಚ್ಚಿದ. ಮತ್ತೆ ಮುಟ್ಟಿಸಿದ. ಮೇಲಿನಿಂದ ಕೆಳಗಿನವರೆಗೆ ಟಕ್ ಟಕ್ ಟಕ್ಕೆಂದು ಎಲ್ಲವೂ ಮುಚ್ಚಿಕೊಂಡಾಗ ಅವನ ಮುಖದಲ್ಲಿ ನಗು ಬಂತು. ಅಪಘಾತವಾದ ಮೇಲೆ ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು.

"ಸಕ್ಕತ್ ಅಕ್ಕ!" ಎಂದ ಪಿ.ಯು.ಸಿ. ಓದುವ ಮಗ ಬಸು. "ನಂಗೂ ಒಂದು ಹೊಲಿ, ಕಾಲೇಜಿಗೆ ಲೇಟಾದಾಗ ಬೇಕಾಗುತ್ತೆ."

"ನಿನಗ ಬಾಯಿಗಿ ಹಾಕ್ಕೊಳಾಕ ಹೊಲೀಬೇಕು," ಎಂದಳು ಕಮಲಮ್ಮ.

ಅಂದು ಕೊಟ್ರೇಶ್ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡ. ಇಷ್ಟು ಚಂದದ ಅಂಗಿಯನ್ನು ಶೆಡ್ಡಿಗೆ ಹಾಕಿಕೊಂಡು ಹೋಗಲು ಮಾತ್ರ ಮನಸ್ಸು ಬರಲಿಲ್ಲ. ನಮ್ಮ ಜನಕ್ಕೆ ಒಳ್ಳೆಯದು ಯಾವುದಿದ್ದರೂ ಅದನ್ನು ಎತ್ತಿಡುವುದೇ ರೂಢಿ. ಮದುವೆಗೆ, ಮಠಕ್ಕೆ, ಭಾನುವಾರದ ಸಂತೆಗೆ ಅದೇ ಅಂಗಿ. ಕೆಲಸಕ್ಕೆ ಹಳೆಯ ಗುಂಡಿಯ ಅಂಗಿಗಳು. ಭಾನುವಾರ ಅವನು ಯಾರನ್ನೂ ಕಾಯದೆ ತಾನೇ ತೊಟ್ಟು ಹೊರಟಾಗ ಹೇಮಲತಾ ಒರೆಸಿಕೊಂಡ ಕೈಯನ್ನು ಹಿಡಿದುಕೊಂಡು ಸುಮ್ಮನೆ ನಿಂತಳು. ಖುಷಿಯೇನೋ ಆಯಿತು. ಆದರೂ ಆ ಕೈಯನ್ನು ಮತ್ತೆ ಹಿಟ್ಟಿಗೆ ಹಾಕಲು ಹೊತ್ತು ಹಿಡಿಯಿತು.

ಸ್ಪರ್ಧೆಗೆ ಬರಹದ ಜೊತೆ ಕಳಿಸಿದ ಫೋಟೋದ ವಿಷಯವನ್ನು ನಿವೇದಿತಾ ಅಪ್ಪನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಇದ್ದಳು. ಅಷ್ಟರಲ್ಲಿ ಸ್ಪರ್ಧೆಯವರಿಂದ ಸುದ್ದಿ ಬಂತು. ಅವಳ ಅಂಗಿ ಕೊನೆಯ ಸುತ್ತಿಗೆ ಆಯ್ಕೆಯಾಗಿತ್ತು.

"ಫೈನಲ್ಲು ಹೂಡಿಯಲ್ಲಂತೆ," ಎಂದು ಅವಳು ಮನೆ ತುಂಬ ಕುಣಿದಳು. "ಈ ಸಲ ಗೆದ್ದೆ ಅಂತಾನೇ ಲೆಕ್ಕ!"

"ಕೂಸು ಹುಟ್ಟೋಕ ಮೊದಲ ಕುಲಾವಿ ಹೊಲೀಬ್ಯಾಡ," ಎಂದು ಕಮಲಮ್ಮ ಗದರಿಸಿದಳಾದರೂ ಮೊಮ್ಮಗಳಿಗೆ ದೃಷ್ಟಿ ತೆಗೆದಳು.

ನಿವೇದಿತಾ ಅಪ್ಪನ ಹತ್ತಿರ ಹೋಗಿ, "ಅಪ್ಪ, ನಾಳೆ ಆ ಅಂಗಿ ಡ್ಯೂಟಿಗೆ ಹಾಕ್ಕೊಂಡ್ಹೋಗಿ. ಅದನ್ನ ಮಾಡಿದ್ದೇ ಅದಕ್ಕೆ. ದಿನಾ ಬಳಕೆಗೆ ಬರುತ್ತಾ ಅಂತ ಅಲ್ಲಿ ಕೇಳ್ತಾರೆ," ಎಂದಳು.

"ಹೊಲಸಾಗ್ತೈತಲ್ಲವ್ವ."

"ಆಗ್ಲಿ. ಒಗೀತೀನಿ."

ಮಗಳ ಮಾತಿಗೆ ಕೊಟ್ರೇಶ್ ಮರುದಿನ ಅದನ್ನೇ ತೊಟ್ಟು ಹೋದ. ಅದೇ ದಿನ ಬಸು ಅಕ್ಕನ ಮೇಲಿನ ಹೆಮ್ಮೆಗೆ ಸ್ಪರ್ಧೆಯವರು ಹಾಕಿದ್ದ ಪೋಸ್ಟರನ್ನು ತನ್ನ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಏರಿಸಿದ. ಹುಡುಗನಲ್ಲಿ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಆದರೆ ಅಪ್ಪನ ಜೊತೆ ಕೆಲಸ ಮಾಡುವ ರುದ್ರೇಶನ ನಂಬರು ತನ್ನ ಫೋನಿನಲ್ಲಿದೆ ಎಂಬುದು ಅವನಿಗೆ ನೆನಪಾಗಲಿಲ್ಲ.

ಸಂಜೆ ಕೊಟ್ರೇಶ್ ಬಂದು, ಚಪ್ಪಲಿ ಬಿಟ್ಟು, ನೇರ ಮಗಳ ಎದುರು ನಿಂತ. ಹೇಮಲತಾ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿ, ಸೌಟು ಕೆಳಗಿಟ್ಟಳು. ಅಂಗಿಯ ಎದೆಯ ಉದ್ದಕ್ಕೂ ಪ್ರತಿ ಗುಂಡಿಯ ಜಾಗದಲ್ಲೂ ಕಪ್ಪಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು. ತಗಡಿನ ಚೂಪು ಚೂರುಗಳು ಮುಳ್ಳಿನಂತೆ ನಿಂತಿದ್ದವು. ಒಂದು ಕಡೆ ಚುಚ್ಚಿ ರಕ್ತದ ಕಲೆಯಾಗಿತ್ತು. ಪ್ರೆಸ್ ಶೆಡ್ಡಿಗೆ ಹೋಗುವ ಮನುಷ್ಯನಿಗೆ ಅಯಸ್ಕಾಂತದ ಅಂಗಿ! ಮನೆಯಲ್ಲಿ ಇಷ್ಟು ಜನರಿದ್ದು ಒಬ್ಬರಿಗೂ ಹೊಳೆದಿರಲಿಲ್ಲ. ಇಡೀ ಆಯುಷ್ಯ ಕಬ್ಬಿಣದ ನಡುವೆ ಕಳೆದ ಕೊಟ್ರೇಶನಿಗೂ ಹೊಳೆದಿರಲಿಲ್ಲ, ಮಗಳು ಹೊಲಿದದ್ದೆಂಬ ಸಂತೋಷದಲ್ಲಿ.

"ಅಯ್ಯೋ ಅಪ್ಪ!" ಎಂದು ನಿವೇದಿತಾ ಎದ್ದಳು.

"ಇರ್ಲಿ, ಕುಂದ್ರು. ಇದು ಬರೇ ಕಬ್ಬಿಣ. ಮಂದಿ ನಕ್ರು, ನಾನೂ ನಕ್ಕೆ." ಅವನು ಜೇಬಿನಿಂದ ಫೋನು ತೆಗೆದ. "ಇನ್ನೊಂದು ಐತಿ. ರುದ್ರೇಶ್ ಕಳ್ಸ್ಯಾನ. 'ಕೊಟ್ರಣ್ಣ, ನಿಮ್ ಕೈ ಫೇಮಸ್ ಆಗ್ಬಿಡ್ತು ಗುರು' ಅಂದ. ಚಾದ ಹೊತ್ತಿನಾಗ ಒಬ್ಬರಿಂದ ಒಬ್ಬರಿಗೆ ದಾಟಿಸಿ ಎಲ್ಲಾರೂ ನೋಡಿದ್ರು."

ಪೋಸ್ಟರಿನಲ್ಲಿ ಅಡುಗೆಮನೆಯ ಬಾಗಿಲು, ತೆರೆದ ಎದೆಯ ಅಂಗಿ, ಅದರ ಮೇಲೆ ಹೇಮಲತಾಳ ಹಿಟ್ಟಿನ ಬೆರಳುಗಳು. ಒಂದು ಪಕ್ಕದಲ್ಲಿ ಟವೆಲು ಜಾರಿದ ಎಡಗೈ. ಮುಖ ಇರಲಿಲ್ಲ, ನಿಜ. ಆ ಕೈಗೆ ಮುಖ ಬೇಕಾಗಿರಲಿಲ್ಲ.

"ಕೆಳಗ ಏನು ಬರದೀಯಿ, ಓದು."

"ಅಪ್ಪ..."

"ನನಗೂ ಇಂಗ್ಲಿಷು ಬರತೈತಿ. ಓದು ಅಂದೆ."

ನಿವೇದಿತಾ ಓದಲಿಲ್ಲ. ಕೊಟ್ರೇಶ್ ತಾನೇ ಓದಿದ. "ಅಂಗಿ ಹಾಕ್ಕೊಳಾಕ ಹೆಂಡತಿ ಮ್ಯಾಲ 'ಡಿಪೆಂಡೆಂಟ್' ಅಂತ. ಹೌದವ್ವ, ಅದೀನಿ. ಅದನ್ನ ಊರಿಗೆಲ್ಲಾ ಅಂಟಿಸಬೇಕಿತ್ತೇನು?"

"ಕೇಳಿದ್ರೆ ನೀವು ಬೇಡ ಅಂತಿದ್ರಿ."

"ಅಂದ್ರ ಬ್ಯಾಡ ಅಂತೀನಿ ಅನ್ನೋದು ನಿನಗ ಗೊತ್ತಿತ್ತು."

ಬಸು ಗೋಡೆಯ ಕಡೆ ತಿರುಗಿ ಫೋನಿನಲ್ಲಿ ಸ್ಟೇಟಸ್ಸು ಅಳಿಸುತ್ತಿದ್ದ. ಹೇಮಲತಾಳಿಗೆ ತಡೆಯಲಾಗಲಿಲ್ಲ.

"ರೀ, ಆಕಿ ಒಬ್ಬಾಕಿದಲ್ಲ ತಪ್ಪು. ಫೋಟೋ ತಗಿಯೋದು ನಾನೂ ನೋಡಿದ್ದೆ."

ಕೊಟ್ರೇಶ್ ಹೆಂಡತಿಯ ಕಡೆ ತಿರುಗಿದ. "ನೀನೂ?" ಎಂದ, ಅಷ್ಟೆ. ಅಂಗಿಯನ್ನು ಒಂದೇ ಎಳೆತಕ್ಕೆ ಬಿಚ್ಚಿ ಮೂಲೆಗೆ ಎಸೆದು ಒಳಗೆ ಹೋದ. ತಟ್ಟೆಯಲ್ಲಿ ರೊಟ್ಟಿ ಆರಿತು.

"ತುತ್ತಿನ ಮ್ಯಾಲ ಸಿಟ್ಟು ಮಾಡಬ್ಯಾಡೋ ತಮ್ಮಾ," ಎಂದು ಕಮಲಮ್ಮ ಬಾಗಿಲ ಮುಂದೆ ಕೂತು ಕರೆದಳು. ಒಳಗಿನಿಂದ ಬಂದದ್ದು ಒಂದೇ ಮಾತು.

"ಆಕಿ ಸ್ಪರ್ಧಿಗೆ ಹೋಗ್ಲಿ. ನನ್ನ ಹೆಸರು ಎತ್ತೋದು ಬ್ಯಾಡ."

ಆಮೇಲಿನ ದಿನಗಳು ಬಲು ಕೆಟ್ಟವು. ಕೂಗಾಡುವ ಜಗಳವಾದರೆ ಒಂದು ಹೊತ್ತಿಗೆ ಮುಗಿಯುತ್ತದೆ. ಮಾತಿಲ್ಲದ ಜಗಳ ತಿಂಗಳುಗಟ್ಟಲೆ ಮನೆಯಲ್ಲೇ ಉಂಡುಕೊಂಡು ಇರುತ್ತದೆ. ಕೊಟ್ರೇಶ್ ಅಡುಗೆಮನೆಯ ಬಾಗಿಲಿಗೆ ಬರುವುದನ್ನು ಬಿಟ್ಟ. ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಹಳೆಯ ಗುಂಡಿಯ ಅಂಗಿಯ ಜೊತೆ ಒಂದು ಕೈಯಲ್ಲಿ ಗುದ್ದಾಡಿ, ಬೆವರಿ ಹೊರಗೆ ಬರುವನು. ಒಂದೊಂದು ದಿನ ಗುಂಡಿ ಹೆಚ್ಚುಕಮ್ಮಿಯಾಗಿ ಅಂಗಿ ಓರೆಯಾಗಿರುತ್ತಿತ್ತು. ಸರಿಮಾಡಲು ಹೇಮಲತಾಳ ಕೈ ಮುಂದೆ ಹೋಗುತ್ತಿತ್ತು, ನಡುದಾರಿಯಲ್ಲಿ ನಿಲ್ಲುತ್ತಿತ್ತು. ಅವನು ಓರೆ ಅಂಗಿಯಲ್ಲೇ ಮೆಟ್ಟಿಲಿಳಿಯುವನು. ಅವಳು ಹೆಂಚಿನ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು.

ನಿವೇದಿತಾ ಮಿಷನ್ ಮುಟ್ಟಲಿಲ್ಲ. ರೊಟ್ಟಿಯಲ್ಲಿ ಈಗ ಒಂದೆಳೆ ದಾರವೂ ಇರುವುದಿಲ್ಲವೆಂದು ಇರಣ್ಣ ಹೊಗಳಿ ಹೋದ. ಅದನ್ನು ಕೇಳಿ ಕಮಲಮ್ಮನಿಗೇ ಬೇಸರವಾಯಿತು.

"ಹೊಲಿ, ಹುಡುಗಿ," ಎಂದಳು. "ಮನಿ ಸುಡುಗಾಡು ಆದಂಗ ಆಗೇತಿ. ದಾರ ನಾ ಆರಸ್ತೀನಿ, ಹೊಲಿ."

"ಏನ್ ಹೊಲೀಲಿ ಅಜ್ಜಿ?" ಎಂದಳು ನಿವೇದಿತಾ.

ಅಂಗಿ ತೊಟ್ಟು ತೋರಿಸಲು ಅಪ್ಪ ಫೈನಲ್ಲಿಗೆ ಬರುವುದಿಲ್ಲವೆಂದು ತಿಳಿದು ಸ್ಫೂರ್ತಿ ಮೇಡಂ ಫೋನಿನಲ್ಲಿ ದಾರಿ ಹೇಳಿಕೊಟ್ಟರು. ಇನ್ನೊಂದು ಅಂಗಿ ಹೊಸದಾಗಿ ಹೊಲಿ, ಕ್ಲಾಸಿನ ಹುಡುಗನೊಬ್ಬ ತೊಟ್ಟು ತೋರಿಸಲಿ, ಶೆಡ್ಡಿನ ಕಥೆ ಅಲ್ಲಿ ಯಾರೂ ಕೇಳುವುದಿಲ್ಲ. ನಿವೇದಿತಾ ಹೂಂಗುಟ್ಟಿ ಹೊಲಿದಳು. ಹೊರಡುವ ದಿನ ಬೆಳಿಗ್ಗೆ ಅಮ್ಮನನ್ನು ಕೇಳಿದಳು.

"ಅಮ್ಮ, ಆವತ್ತಿನ ಅಂಗಿ ಎಲ್ಲಿ?"

ಹೇಮಲತಾ ಅದನ್ನು ಒಗೆದಿರಲಿಲ್ಲ. ನೀರು ಬಿದ್ದರೆ ಕಬ್ಬಿಣ ತುಕ್ಕು ಹಿಡಿದು ಬಟ್ಟೆ ಹಾಳಾದೀತೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ತೆಗೆದುಕೊಟ್ಟಳು. ಯಾಕೆಂದು ಕೇಳಲಿಲ್ಲ. ಮಗಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ, ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ತಾನೂ ಹೊರಟಳು. ಕೊಟ್ರೇಶ್ ಪೇಪರಿನಿಂದ ತಲೆ ಎತ್ತಲಿಲ್ಲ.

ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋದದ್ದಾಯಿತು. ಹೂಡಿಯ ಆ ಸಭಾಂಗಣದಲ್ಲಿ ಎ.ಸಿ. ಎಷ್ಟು ತಣ್ಣಗಿತ್ತೆಂದರೆ ಹೇಮಲತಾ ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಮುದುರಿ ಕೂತಳು. ನಿವೇದಿತಾ ಮೊದಲು ಮಾಡಿದ ಕೆಲಸವೆಂದರೆ ಅಲ್ಲಿನವರ ಹತ್ತಿರ ವಾದ ಮಾಡಿ ತನ್ನ ಪೋಸ್ಟರಿನಿಂದ ಅಪ್ಪನ ಫೋಟೋ ತೆಗೆಸಿದ್ದು. ಅಲ್ಲಿ ಒಂದು ಬಿಳಿ ಚೌಕ ಉಳಿಯಿತು.

ಅವಳ ಸರದಿ ಬಂದಾಗ ಕ್ಲಾಸಿನ ಹುಡುಗ ಹೊಸ ಅಂಗಿಯಲ್ಲಿ ನಡೆದು ಬಂದ. ಎರಡೂ ಕೈ ನೆಟ್ಟಗಿರುವ ಹುಡುಗ ಎಡಗೈಯನ್ನು ಜೇಬಿಗೆ ತುರುಕಿಕೊಂಡು, ಬಲಗೈಯಲ್ಲಿ ಟಕ್ ಟಕ್ಕೆಂದು ಅಂಗಿ ಮುಚ್ಚಿ ತೋರಿಸಿ ನಕ್ಕ. ಜನ ಚಪ್ಪಾಳೆ ತಟ್ಟಿದರು. ಹೇಮಲತಾಳಿಗೆ ನೋಡಲಾಗಲಿಲ್ಲ. ಈ ಹುಡುಗ ಇನ್ನು ಸ್ವಲ್ಪ ಹೊತ್ತಿಗೆ ಆ ಕೈಯನ್ನು ಹೊರಗೆ ತೆಗೆಯುತ್ತಾನೆ ಎಂದುಕೊಂಡಳು.

ನಿವೇದಿತಾ ಮೈಕಿನ ಮುಂದೆ ಇಂಗ್ಲಿಷಿನಲ್ಲಿ ಶುರುಮಾಡಿ ನಿಲ್ಲಿಸಿದಳು. ಬಗ್ಗಿ ಚೀಲದಿಂದ ಆ ಕೊಳಕು ಅಂಗಿಯನ್ನು ತೆಗೆದು ಜಡ್ಜುಗಳ ಮೇಜಿನ ಮೇಲೆ ಹರಡಿದಳು. ಮಾತು ಕನ್ನಡಕ್ಕೆ ತಿರುಗಿತು.

"ನಮ್ಮಪ್ಪ ಇದನ್ನ ಒಂದೇ ಒಂದು ದಿನ ಕೆಲಸಕ್ಕೆ ಹಾಕ್ಕೊಂಡು ಹೋದ್ರು ಸಾರ್. ಅವರು ಇರೋದು ಪ್ರೆಸ್ ಶೆಡ್ಡಲ್ಲಿ. ಕಬ್ಬಿಣ ಎಲ್ಲಾ ಹಿಡ್ಕೊಂಡು ಎದೆಗೆ ಚುಚ್ತು. ಈ ಅಂಗಿ ಅವರಿಗೆ ಆಗಲ್ಲ."

ಜಡ್ಜುಗಳಲ್ಲೊಬ್ಬ ಹೆಂಗಸು ಮೆಲ್ಲಗೆ, "ಮ್ಯಾಗ್ನೆಟ್ ಬದಲು ಟಿಚ್ ಬಟನ್ ಹಾಕಬಹುದಿತ್ತಲ್ವಾ?" ಎಂದಳು.

"ಹಾಕಬಹುದು ಮೇಡಂ."

ಇಳಕಲ್ ಜಾಕೆಟ್ಟನ್ನು ತಿರುಗಿಸಿ ನೋಡಿದ್ದ ಬಿಳಿಗೂದಲಿನವರೇ ಇಲ್ಲೂ ಇದ್ದರು. ಅವರು ಕಬ್ಬಿಣದ ಚೂರೊಂದನ್ನು ಉಗುರಿನಲ್ಲಿ ಬಿಡಿಸಿ ನೋಡುತ್ತ ಕೇಳಿದರು. "ನಿಮ್ಮ ತಂದೆಗೆ ಎಲ್ಲಕ್ಕಿಂತ ಕಷ್ಟ ಆಗೋದು ಗುಂಡಿ ಹಾಕೋದೇನಾ?"

ನಿವೇದಿತಾ ಮೇಜಿನ ಮೇಲಿನ ಅಂಗಿಯನ್ನೊಮ್ಮೆ ನೋಡಿದಳು. ಆಮೇಲೆ, "ಗೊತ್ತಿಲ್ಲ ಸಾರ್," ಎಂದಳು. "ದೂರದಿಂದ ನೋಡಿ ನಾನೇ ಅಂದ್ಕೊಂಡೆ. ಅವರನ್ನ ಕೇಳಲೇ ಇಲ್ಲ."

"ಹಾಗಾದ್ರೆ ಮನೆಗೆ ಹೋಗಿ ಕೇಳಮ್ಮ," ಎಂದರು ಅವರು.

ಬಹುಮಾನ ಡೆಲಿವರಿ ಹುಡುಗರಿಗೆ ಮಳೆಕೋಟು ಮಾಡಿದವಳಿಗೆ ಹೋಯಿತು. ಸ್ಫೂರ್ತಿ ಮೇಡಂ ಮುಖ ಸಣ್ಣದು ಮಾಡಿಕೊಂಡು, ಗೆಲ್ಲುವುದನ್ನು ಕೈಯಾರೆ ಕಳೆದುಕೊಂಡೆಯಲ್ಲ ಎಂದರು. ನಿವೇದಿತಾ ಅದನ್ನೂ ಕೇಳಿಸಿಕೊಂಡಳು.

ವಾಪಸ್ಸು ಬರುವಾಗ ಮೆಟ್ರೋದಲ್ಲಿ ತಿನ್ನಬಾರದೆಂದು ಡಬ್ಬಿ ಹೇಮಲತಾಳ ಮಡಿಲಲ್ಲೇ ಉಳಿದಿತ್ತು.

"ಬೈಯಲ್ವಾ ಅಮ್ಮ?"

"ಯಾಕ ಬೈಲಿ? ಆವತ್ತು ಕಿಟಕಿ ಹತ್ರ ನಿಂತಾಗ ಬೈಬೇಕಿತ್ತು. ಅವಾಗ ಸುಮ್ಮನಿದ್ದೆ," ಎಂದು ಹೇಮಲತಾ ಮಗಳ ತಲೆಯನ್ನು ಹೆಗಲಿಗೆ ಎಳೆದುಕೊಂಡಳು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಕೊಟ್ರೇಶ್ ಹಾಲ್‌ನಲ್ಲಿ ಕೂತಿದ್ದ, ಎಡಗೈ ಟವೆಲಿನ ಕೆಳಗೆ. ಕಮಲಮ್ಮ ಗೋಡೆಗೆ ಒರಗಿ ಶೇಂಗಾ ಬಿಡಿಸುತ್ತಿದ್ದಳು. ಬಸು ಅಕ್ಕನ ಮುಖ ನೋಡಿ ಅವಳ ಚೀಲ ಇಸಿದುಕೊಂಡ.

"ಏನಾತು?" ಎಂದ ಕೊಟ್ರೇಶ್. ಅಷ್ಟು ದಿನಗಳಲ್ಲಿ ಮಗಳ ಕಡೆಗೆ ಆಡಿದ ಮೊದಲ ಮಾತು ಅದು.

"ಬರಲಿಲ್ಲ ಅಪ್ಪ."

"ಬರಲಿಲ್ಲ ಅಲ್ಲ, ಬಿಟ್ಟು ಬಂದ್ಲು," ಎಂದಳು ಹೇಮಲತಾ. "ಆ ಕಬ್ಬಿಣ ಹತ್ತಿದ ಅಂಗೀನ ಎಲ್ಲಾರ ಮುಂದ ಹಾಸಿ, ಇದು ನಮ್ಮಪ್ಪಗ ಆಗಲಿಲ್ಲ ಅಂತ ಹೇಳಿದ್ಲು ರೀ. ಹೋಗಿದ್ ಕೂಡ್ಲೆ ನಿಮ್ಮ ಫೋಟೋನೂ ತಗಿಸಿದ್ಲು."

ಕೊಟ್ರೇಶ್ ಪೇಪರು ಮಡಿಸಿ ಪಕ್ಕಕ್ಕಿಟ್ಟ. ನಿವೇದಿತಾ ಬಂದು ಅವನ ಕಾಲ ಹತ್ತಿರ ನೆಲದ ಮೇಲೆ ಕೂತಳು.

"ಅಪ್ಪ, ತಪ್ಪಾಯ್ತು. ಒಂದು ಮಾತು ಕೇಳ್ತೀನಿ. ಇದು ಯಾವ ಸ್ಪರ್ಧೆಗೂ ಅಲ್ಲ, ಫೋನು ಒಳಗಿಟ್ಟಿದೀನಿ. ಆ ಕೈ ಇಲ್ದೆ ನಿಮಗೆ ಎಲ್ಲಕ್ಕಿಂತ ಕಷ್ಟ ಆಗ್ತಿರೋದು ಯಾವುದು?"

ಅವನು ಟವೆಲನ್ನು ಎಡಗೈಯ ಮೇಲೆ ಇನ್ನಷ್ಟು ಎಳೆದುಕೊಂಡ. ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಹೇಳುವುದಿಲ್ಲವೆಂದೇ ಹೇಮಲತಾ ಅಂದುಕೊಂಡಳು.

"ಗುಂಡಿ ಏನು ದೊಡ್ಡದಲ್ಲವ್ವ," ಎಂದ ಕೊಟ್ರೇಶ್ ಕಡೆಗೆ. "ಗುಂಡಿ ನಿಮ್ಮವ್ವ ಹಾಕ್ತಾಳ. ನನ್ನ ಲಿಂಗಾನ ಯಾರು ಹಿಡೀತಾರ?"

ಕಮಲಮ್ಮನ ಕೈಯಲ್ಲಿ ಶೇಂಗಾ ನಿಂತಿತು.

"ದವಾಖಾನಿಯಿಂದ ಬಂದ ಮ್ಯಾಲ ಒಂದಿನ ಪೂಜಿಗೆ ಕುಂತಿದ್ದೆ, ನೀವೆಲ್ಲಾ ಹೊರಗಿದ್ರಿ. ಈ ಅಂಗೈ ಮ್ಯಾಲ ಇಟ್ಕೊಂಡೆ. ನೀರು ಹಾಕಿದ್ ಕೂಡ್ಲೆ ಜಾರಿ ನೆಲಕ್ಕ ಬಿತ್ತು. ಉರುಳಿ ಮಂಚದ ಕೆಳಗ ಹೋತು. ಬೋರಲು ಮಲಗಿ, ಒಂದು ಕೈಲೆ ತಡವರಿಸಿ ತಗದೆ." ಅವನು ಕೊರಳಿನ ಕರಡಿಗೆ ಮುಟ್ಟಿಕೊಂಡ. "ನನ್ನ ಲಿಂಗ ನನ್ನ ಕೈಯಾಗ ನಿಲ್ಲವಲ್ದು. ಇದನ್ನ ಯಾರ ಮುಂದ ಹೇಳ್ಲಿ?"

ಹೇಮಲತಾ ತನ್ನ ಎಡ ಅಂಗೈಯನ್ನು ನೋಡಿಕೊಂಡಳು. ದಿನಾ ಬೆಳಿಗ್ಗೆ ತಾನೂ ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಕೂರುವವಳೇ. ಆ ಅಂಗೈ ಗಂಡನಿಗಿಲ್ಲವೆಂಬುದು ಗೊತ್ತಿದ್ದವಳೇ. ಎರಡನ್ನೂ ಸೇರಿಸಿ ನೋಡಲು ಒಂದು ದಿನವೂ ತೋಚಲಿಲ್ಲವಲ್ಲ, ಶಿವನ ಮೇಲೆ ಸಿಟ್ಟು ಎಂದು ಹೇಳಿಕೊಂಡು ತಿರುಗಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಲಿಂಗ ನೆಲಕ್ಕೆ ಬಿತ್ತೆಂದರೆ ಅತ್ತೆ ಏನನ್ನುವಳೋ ಎಂದು ಭಯವಾಗಿ ಅವಳ ಕಡೆ ನೋಡಿದಳು. ಕಮಲಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

"ಸಣ್ಣಾಂವಿದ್ದಾಗ ಎಷ್ಟು ಸಲ ಬೀಳಿಸೀಯೋ, ಖೋಡಿ," ಎಂದಳು. "ಪೂಜಿ ಮಾಡ್ತ ಮಾಡ್ತ ತೂಕಡಿಸ್ತಿದ್ದಿ. ತೊಳದು ತೊಳದು ಮತ್ತ ನಿನ್ನ ಕೈಯಾಗ ನಾನ ಇಡ್ತಿದ್ದೆ. ಆಗ ಹೇಳ್ತಿದ್ದಿ, ಈಗ ನಿಮ್ಮವ್ವಗ ಹೇಳಾಕ ಆಗಲಿಲ್ಲಾ?"

ಕೊಟ್ರೇಶ್ ಚಿಕ್ಕ ಹುಡುಗನ ಹಾಗೆ ಅತ್ತ. ಯಾರೂ ಅವನನ್ನು ಸುಮ್ಮನಿರೆನ್ನಲಿಲ್ಲ. ಹೇಮಲತಾ ನೀರು ತಂದಿಟ್ಟಳು, ಅವನು ಅದನ್ನು ಕುಡಿದ.

ನಿವೇದಿತಾ ಎದ್ದು ತನ್ನ ಅರ್ಧ ರಾಜ್ಯಕ್ಕೆ ಹೋಗಿ ಅಲ್ಲೇ ನಿಂತಳು. ಅಳತೆಯ ಟೇಪು ಮಿಷನ್ನಿನ ಮೇಲೆಯೇ ಬಿದ್ದಿತ್ತು. ಅದನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ.

ಕೊಟ್ರೇಶ್ ಅವಳನ್ನೇ ನೋಡುತ್ತಿದ್ದವನು, ಎದ್ದು ಬಂದು ಹೊಲಿಗೆ ಮಿಷನ್ನಿನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. ಟವೆಲು ತೆಗೆದು ಹೆಗಲಿಗೆ ಹಾಕಿದ. ಮಕ್ಕಳಾಗಲಿ ತಾಯಿಯಾಗಲಿ ಆವರೆಗೆ ನೆಟ್ಟಗೆ ನೋಡದಿದ್ದ ಆ ಎಡಗೈಯನ್ನು ಮಿಷನ್ನಿನ ಹಲಗೆಯ ಮೇಲೆ, ಬಟ್ಟೆಯ ಚೂರುಗಳ ನಡುವೆ, ಅಂಗಾತ ಇಟ್ಟ.

"ಅಳತಿ ತಗೋ," ಎಂದ. "ಲಿಂಗ ಕುಂದರೋ ಅಂಥದ್ದು ಏನರ ಹೊಲಿಯಾಕ ಆಗ್ತೈತೇನು ನೋಡು. ಫೋಟೋ ಬ್ಯಾಡ."

ನಿವೇದಿತಾ ಟೇಪು ಎತ್ತಿಕೊಂಡಳು. ಎಷ್ಟೋ ಬೊಂಬೆಗಳಿಗೆ, ಎಷ್ಟೋ ಗೆಳತಿಯರಿಗೆ ಅಳತೆ ತೆಗೆದವಳಿಗೆ ಈ ಕೈಯ ಅಳತೆ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ.

"ಎಲ್ಲಿಂದ ಶುರು ಮಾಡ್ಲಿ ಅಪ್ಪ?"

"ಹೆಬ್ಬೆರಳಿಂದ ಶುರು ಮಾಡು," ಎಂದ ಕೊಟ್ರೇಶ್. "ಅದೊಂದು ಐತಲ್ಲ."